ಟಿಕೆಟ್ ಕೇಳದ ದೇಶ: ಲಕ್ಸೆಂಬರ್ಗಿನ ಉಚಿತ ಬಸ್ಸು, ಟ್ರಾಮ್, ರೈಲು ಸೇವೆಯ ವಿಮರ್ಶೆ

ಬೆಲ್ಜಿಯಂ, ಜರ್ಮನಿ ಮತ್ತು ಫ್ರಾನ್ಸ್‌ಗಳು ಮೂರು ಕಡೆಯಿಂದ ಸುತ್ತುವರಿದಿರುವ, ಕಡಲತೀರವೇ ಇಲ್ಲದ ಪುಟ್ಟ ದೇಶ ಲಕ್ಸೆಂಬರ್ಗ್, 2020ರ ಮಾರ್ಚ್ 1ರಿಂದ ತನ್ನ ಗಡಿಯೊಳಗಿನ ಸಾರ್ವಜನಿಕ ಸಾರಿಗೆಯನ್ನು ಉಚಿತಗೊಳಿಸಿದೆ. ಇಡೀ ದೇಶಕ್ಕೆ ಅನ್ವಯಿಸುವ ಹಾಗೆ ಇಂಥ ಕ್ರಮ ಕೈಗೊಂಡವರಲ್ಲಿ ಇವರೇ ಮೊದಲಿಗರು. ಬಸ್ಸು, ಟ್ರಾಮ್ ಹಾಗೂ ರೈಲಿನ ಎರಡನೇ ದರ್ಜೆಯಲ್ಲಿ ಓಡಾಡಲು ಅಲ್ಲಿನ ಪ್ರಜೆಗಳಷ್ಟೇ ಅಲ್ಲದೆ ವಲಸೆ ಬಂದವರು, ನೆರೆದೇಶದಿಂದ ಕೆಲಸಕ್ಕೆ ಬರುವವರು, ನಮ್ಮಂತೆ ಸುತ್ತಾಡಲು ಹೋದವರು, ಯಾರೂ ಹಣ ಕೊಡಬೇಕಾಗಿಲ್ಲ. ಯಾವ ಗುರುತಿನ ಚೀಟಿಯನ್ನೂ ತೋರಿಸಬೇಕಾಗಿಲ್ಲ. ಇದೇ ಹಾದಿಯಲ್ಲಿ 2022ರಲ್ಲಿ ಬಸ್ ಪ್ರಯಾಣವನ್ನು ಉಚಿತಗೊಳಿಸಿದ ಮಾಲ್ಟಾ ಆ ಸೌಲಭ್ಯವನ್ನು ತನ್ನ ನಿವಾಸಿಗಳ ಕಾರ್ಡಿಗೆ ಸೀಮಿತಗೊಳಿಸಿತು. ಲಕ್ಸೆಂಬರ್ಗಿನಲ್ಲಿ ಅಂಥ ಷರತ್ತಿಲ್ಲ.

ಉಚಿತ ಎಂದ ಮಾತ್ರಕ್ಕೆ ಒಂದು ಸೇವೆಯನ್ನು ಹೊಗಳಬೇಕಾಗಿಲ್ಲ. ಬಿಟ್ಟಿಯಾಗಿ ಸಿಗುವ ಬಸ್ಸು ಗಂಟೆಗೊಮ್ಮೆ ಬರುವುದಾದರೆ ಅದಕ್ಕೆ ಕಾಯುವವರ ಸಮಯವೇ ಅದರ ಬೆಲೆಯಾಗುತ್ತದೆ. ಆದ್ದರಿಂದ ಈ ಸೇವೆಯನ್ನು ಬೆಲೆಯಿಂದ ಅಳೆಯುವುದಕ್ಕಿಂತ, ಆ ದೇಶದ ನೆಲಕ್ಕೂ ಜನಕ್ಕೂ ಅದು ಎಷ್ಟು ಹೊಂದಿಕೊಂಡಿದೆ ಎಂಬುದರಿಂದ ಅಳೆಯುವುದು ಸರಿ. ಆ ಅಳತೆಯಲ್ಲಿ ನನ್ನ ಅಭಿಪ್ರಾಯ ಹೀಗಿದೆ: ರಾಜಧಾನಿಯೊಳಗೆ ಅದು ಅತ್ಯುತ್ತಮ, ದಕ್ಷಿಣದಲ್ಲಿ ಒಳ್ಳೆಯದು, ಉತ್ತರ ಮತ್ತು ಪೂರ್ವದ ಹಳ್ಳಿಗಳಲ್ಲಿ ಸಾಧಾರಣ, ಗಡಿಯ ಬಳಿ ಮಾತ್ರ ಅದರ ತರ್ಕವೇ ಕುಂಟುತ್ತದೆ.

ವಿಮಾನದಲ್ಲಿ ಬರುವವರಿಗೆ ಈ ಸೇವೆಯ ಪರಿಚಯ ಫಿಂಡೆಲ್ ನಿಲ್ದಾಣದ ಬಾಗಿಲಲ್ಲೇ ಆಗುತ್ತದೆ. 2025ರ ಮಾರ್ಚ್ 2ರಿಂದ ಟ್ರಾಮ್ ಅಲ್ಲಿಯವರೆಗೂ ಬರುತ್ತಿದೆ. ಗೇಟಿಲ್ಲ, ಕಾರ್ಡ್ ಒತ್ತುವ ಯಂತ್ರವಿಲ್ಲ, ಟಿಕೆಟ್ ಕೌಂಟರಿನ ಮುಂದೆ ಸಾಲಿಲ್ಲ. ಬಾಗಿಲು ತೆರೆದಾಗ ಹತ್ತಿ ಕೂರುವುದಷ್ಟೇ. ಮೆಟ್ರೋ ನಿಲ್ದಾಣದಲ್ಲಿ ಕಾರ್ಡಿಗಾಗಿ ಜೇಬು ತಡಕಿ ಅಭ್ಯಾಸವಾದವರಿಗೆ ಮೊದಲೆರಡು ಸಲ ಕಳ್ಳಪ್ರಯಾಣ ಮಾಡುತ್ತಿರುವಂತೆ ಅಳುಕಾಗುವುದು ಸಹಜ. ಕೇಂದ್ರ ರೈಲು ನಿಲ್ದಾಣದವರೆಗೆ ಅರ್ಧ ಗಂಟೆಯ ಆಸುಪಾಸು ಬೇಕು. ದಾರಿಯುದ್ದಕ್ಕೂ ಕಿರ್ಷ್‌ಬರ್ಗ್ ಪ್ರಸ್ಥಭೂಮಿಯ ಗಾಜಿನ ಕಟ್ಟಡಗಳು ಸಾಗಿಹೋಗುತ್ತವೆ. ಐರೋಪ್ಯ ಒಕ್ಕೂಟದ ನ್ಯಾಯಾಲಯ, ಐರೋಪ್ಯ ಹೂಡಿಕೆ ಬ್ಯಾಂಕ್ ಮುಂತಾದವು ಇರುವುದು ಇಲ್ಲಿಯೇ. ರಾಜಧಾನಿಯ ಹಳೆಯ ಟ್ರಾಮ್‌ಗಳನ್ನು 1964ರಲ್ಲಿ ಕಿತ್ತುಹಾಕಿ ರಸ್ತೆಯನ್ನೆಲ್ಲ ಕಾರಿಗೆ ಬಿಟ್ಟುಕೊಟ್ಟಿದ್ದರು. ಅರ್ಧ ಶತಮಾನದ ಬಳಿಕ, 2017ರ ಡಿಸೆಂಬರಿನಲ್ಲಿ, ಹೊಸ ಟ್ರಾಮ್ ಮತ್ತೆ ಹಳಿಗೆ ಬಂದಿತು. ಈಗ ಅದು ವಿಮಾನ ನಿಲ್ದಾಣದಿಂದ ದಕ್ಷಿಣದ ಕ್ಲೋಶ್ ದೋರ್ ಬಡಾವಣೆಯವರೆಗೆ ಸುಮಾರು 16 ಕಿಲೋಮೀಟರ್ ಓಡುತ್ತದೆ. ನಗರದ ನಡುಭಾಗದಲ್ಲಿ ಕೆಲವೇ ನಿಮಿಷಗಳಿಗೊಂದರಂತೆ ಬರುತ್ತದೆ. ಹಳೆಯ ಪೇಟೆಯ ಅಂದ ಕೆಡದಿರಲೆಂದು ಅಲ್ಲಿ ಮೇಲೆ ವಿದ್ಯುತ್ ತಂತಿಯನ್ನೇ ಎಳೆದಿಲ್ಲ. ಟ್ರಾಮ್ ಒಂದೊಂದು ನಿಲ್ದಾಣದಲ್ಲಿ ನಿಂತಾಗಲೂ ಒಂದಿಷ್ಟು ಚಾರ್ಜ್ ತುಂಬಿಕೊಂಡು ಮುಂದಿನ ನಿಲ್ದಾಣದವರೆಗೆ ಸಾಗುತ್ತದೆ.

ಈ ನಗರದಲ್ಲಿ ಸಾರಿಗೆಯೆಂದರೆ ಅಡ್ಡಡ್ಡ ಓಡಾಟ ಮಾತ್ರವಲ್ಲ, ಹತ್ತುವುದು ಇಳಿಯುವುದೂ ಅದರ ಭಾಗವೇ. ಆಲ್ಜೆಟ್ ಮತ್ತು ಪೆಟ್ರೂಸ್ ಎಂಬ ಎರಡು ಸಣ್ಣ ಹೊಳೆಗಳು ಮರಳುಗಲ್ಲನ್ನು ಕೊರೆದು ಮಾಡಿದ ಆಳವಾದ ಕಣಿವೆಗಳು ಊರನ್ನು ಮೇಲೂರು ಕೆಳಗಿನೂರುಗಳಾಗಿ ಒಡೆದಿವೆ. ಬಾಕ್ ಎಂಬ ಬಂಡೆಯ ಮೇಲೆ ಎದ್ದ ಕೋಟೆಯನ್ನು ಒಬ್ಬರಾದ ಮೇಲೊಬ್ಬರು ದೊರೆಗಳು ಬಲಪಡಿಸುತ್ತ ಹೋದದ್ದಕ್ಕೂ ಈ ಕಡಿದಾದ ನೆಲವೇ ಕಾರಣ. 1867ರ ಲಂಡನ್ ಒಪ್ಪಂದ ದೇಶವನ್ನು ತಟಸ್ಥವೆಂದು ಘೋಷಿಸಿ ಕೋಟೆಯನ್ನು ಕೆಡವಬೇಕೆಂದು ವಿಧಿಸಿತು. ಉಳಿದ ಕೋಟೆಯ ಭಾಗಗಳೂ ಹಳೆಯ ಪೇಟೆಯೂ 1994ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಶತ್ರುವಿಗೆ ಅಡ್ಡಿಯಾಗಿದ್ದ ಅದೇ ಕಣಿವೆ ಇಂದು ಕಚೇರಿಗೆ ಹೋಗುವವರಿಗೆ ಅಡ್ಡಿ. ಅದನ್ನು ದಾಟಿಸಲು ಮಾಡಿರುವ ಏರ್ಪಾಡೇ ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾದದ್ದು.

ಉತ್ತರದಿಂದ ಬರುವ ರೈಲು ಕಣಿವೆಯ ತಳದಲ್ಲಿರುವ ಪಫೆಂಡಾಲ್-ಕಿರ್ಷ್‌ಬರ್ಗ್ ನಿಲ್ದಾಣದಲ್ಲಿ ನಿಲ್ಲುತ್ತದೆ. ತಲೆಯ ಮೇಲೆ, 70 ಮೀಟರಿಗೂ ಹೆಚ್ಚು ಎತ್ತರದಲ್ಲಿ, 1966ರಲ್ಲಿ ಕಟ್ಟಿದ ಕೆಂಪು ಉಕ್ಕಿನ ಶಾರ್ಲೊಟ್ ಸೇತುವೆ ಹಾದುಹೋಗಿದೆ. ಟ್ರಾಮ್ ಓಡುವುದು ಅದರ ಮೇಲೆ. ರೈಲಿಳಿದವರು ಪ್ಲಾಟ್‌ಫಾರ್ಮಿನಿಂದಲೇ ಫ್ಯುನಿಕುಲರ್ ಹತ್ತುತ್ತಾರೆ. ಇದು ಉಕ್ಕಿನ ಹಗ್ಗ ಎಳೆದುಕೊಂಡು ಹೋಗುವ, ಇಳಿಜಾರಿನ ಹಳಿಯ ಮೇಲಿನ ಗಾಡಿ. ಒಂದು ನಿಮಿಷದೊಳಗೆ, ಅಥವಾ ಸ್ವಲ್ಪ ಹೆಚ್ಚೆಂದರೆ ಒಂದೂಕಾಲು ನಿಮಿಷದಲ್ಲಿ, ಮರಗಳ ತುದಿಗಳು ಕಿಟಕಿಯ ಕೆಳಗೆ ಸರಿದು ಗಾಡಿ ಮೇಲಿನ ಟ್ರಾಮ್ ನಿಲ್ದಾಣದ ಬಳಿಗೆ ಬಂದು ನಿಲ್ಲುತ್ತದೆ. ಮಕ್ಕಳ ಗಾಡಿ ತಳ್ಳಿಕೊಂಡು ಬಂದ ತಾಯಿಯೂ, ಸೈಕಲ್ ಹಿಡಿದ ವಿದ್ಯಾರ್ಥಿಯೂ, ಕೋಟು ಧರಿಸಿದ ಬ್ಯಾಂಕ್ ನೌಕರರೂ ಒಂದೇ ಬಾಗಿಲಿನಿಂದ ಹೊರಬಂದು ನಾಲ್ಕು ಹೆಜ್ಜೆ ನಡೆದು ಟ್ರಾಮ್ ಏರುತ್ತಾರೆ. ಇದಲ್ಲದೆ ಕೆಳಗಿನ ಪಫೆಂಡಾಲ್ ಕೇರಿಯನ್ನು ಮೇಲಿನ ಪೇಟೆಗೆ ಸೇರಿಸುವ ಗಾಜಿನ ಲಿಫ್ಟ್ ಒಂದು 2016ರಿಂದ ಕೆಲಸ ಮಾಡುತ್ತಿದೆ. 71 ಮೀಟರ್ ಎತ್ತರದ ಅದಕ್ಕೂ ಶುಲ್ಕವಿಲ್ಲ. ಬೇರೆ ಯಾವ ಊರಿನಲ್ಲಾದರೂ ಇದನ್ನು ಪ್ರವಾಸಿಗರ ಆಕರ್ಷಣೆಯೆಂದು ಹೆಸರಿಸಿ ಒಬ್ಬೊಬ್ಬರಿಂದ ಐದೋ ಹತ್ತೋ ಯೂರೋ ಕಿತ್ತುಕೊಳ್ಳುತ್ತಿದ್ದರು. ಇಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯರು ಅದರಲ್ಲಿ ಬಂದುಹೋಗುತ್ತಾರೆ.

ನಗರದ ಹೊರಗೆ ಹೋದಾಗ ದೇಶ ಎಷ್ಟು ಚಿಕ್ಕದೆಂಬುದು ತಿಳಿಯುತ್ತದೆ. ಒಟ್ಟು ವಿಸ್ತೀರ್ಣ 2,586 ಚದರ ಕಿಲೋಮೀಟರ್, ಎಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪವೇ ದೊಡ್ಡದು. ಉತ್ತರದಿಂದ ದಕ್ಷಿಣಕ್ಕೆ 82 ಕಿಲೋಮೀಟರ್, ಪೂರ್ವದಿಂದ ಪಶ್ಚಿಮಕ್ಕೆ 57. ಉತ್ತರದ ಮೂರನೇ ಒಂದು ಭಾಗ ಆರ್ಡೆನ್ ಬೆಟ್ಟಸಾಲಿಗೆ ಸೇರಿದ ಓಸ್ಲಿಂಗ್. ದಟ್ಟ ಕಾಡು, ಕಡಿದಾದ ಕಣಿವೆ, ವಿರಳ ಜನವಸತಿ. ಅತಿ ಎತ್ತರದ ಜಾಗವಾದ ಕ್ನೈಫ್ ಕೇವಲ 560 ಮೀಟರ್. ಘಟ್ಟದವರು ಅದನ್ನು ಬೆಟ್ಟವೆಂದು ಒಪ್ಪಲಾರರು. ದಕ್ಷಿಣದ ಮೂರನೇ ಎರಡು ಭಾಗ ಗುಟ್‌ಲಾಂಡ್. ಹೊಲಗದ್ದೆ, ಪೇಟೆ, ಕಾರ್ಖಾನೆಗಳ ಸಮೃದ್ಧ ನಾಡು. ಈ ವ್ಯತ್ಯಾಸ ರೈಲಿನ ವೇಳಾಪಟ್ಟಿಯಲ್ಲಿ ನೇರವಾಗಿ ಕಾಣುತ್ತದೆ.

ರಾಜಧಾನಿಯಿಂದ ಉತ್ತರದ ಟ್ರ್ವಾವಿಯೆರ್ಜ್‌ವರೆಗಿನ ರೈಲು ಪ್ರಯಾಣ ಒಂದು ಗಂಟೆಗಿಂತ ತುಸು ಹೆಚ್ಚು ಹಿಡಿಯುತ್ತದೆ. ಎಟ್ಟೆಲ್‌ಬ್ರುಕ್ ದಾಟಿದ ಮೇಲೆ ಹಳಿ ಹೊಳೆಯ ತಿರುವುಗಳನ್ನೇ ಹಿಂಬಾಲಿಸುತ್ತ, ಸುರಂಗಗಳಲ್ಲಿ ನುಸುಳುತ್ತ ಸಾಗುತ್ತದೆ. ದುಡ್ಡು ಕೊಟ್ಟಾದರೂ ಹೋಗಬಹುದಾದ ದಾರಿ ಇದು. ಕ್ಲೆರ್ವೋದಲ್ಲಿ ಇಳಿದರೆ ಅಲ್ಲಿನ ಕೋಟೆಯಲ್ಲಿ ಎಡ್ವರ್ಡ್ ಸ್ಟೈಖೆನ್ ರೂಪಿಸಿದ ಪ್ರಸಿದ್ಧ ಛಾಯಾಚಿತ್ರ ಪ್ರದರ್ಶನ ಕಾಯಂ ಆಗಿ ನೆಲೆಸಿದೆ. ಅಮೆರಿಕದಲ್ಲಿ ಹೆಸರಾದ ಆ ಛಾಯಾಗ್ರಾಹಕ ಹುಟ್ಟಿದ್ದು ಈ ದೇಶದಲ್ಲೇ. ಪೂರ್ವಕ್ಕೆ ಹೋಗುವ ರೈಲು ಮೊಸೆಲ್ ನದಿಯ ದಂಡೆಯ ವಾಸರ್‌ಬಿಲಿಗ್‌ನಲ್ಲಿ ಗಡಿ ಮುಟ್ಟುತ್ತದೆ. ಇಲ್ಲಿ ಸೂರ್ ಹೊಳೆ ಮೊಸೆಲ್ ಅನ್ನು ಸೇರುವ ಜಾಗ ದೇಶದ ಅತಿ ತಗ್ಗಿನ ನೆಲ. ಜರ್ಮನಿಯ ಜೊತೆಗಿನ ಗಡಿಯಾಗಿ ಹರಿಯುವ ಮೊಸೆಲ್, ಸೂರ್, ಊರ್ ನದಿಗಳ ನೀರು ಎರಡೂ ದೇಶಗಳ ಜಂಟಿ ಪ್ರದೇಶ. ನಡುವೆ ಗೆರೆ ಎಳೆದು ಇದು ನಿಮ್ಮದು ಅದು ನಮ್ಮದು ಎಂದು ಹಂಚಿಕೊಂಡಿಲ್ಲ. 1985ರಲ್ಲಿ ಗಡಿ ತಪಾಸಣೆ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಮೊಸೆಲ್ ಮೇಲೆ, ಶೆಂಗೆನ್ ಎಂಬ ದ್ರಾಕ್ಷಿತೋಟಗಳ ಹಳ್ಳಿಯ ಬಳಿ ನಿಂತಿದ್ದ ಹಡಗಿನಲ್ಲಿ. ವೀಸಾಕ್ಕಾಗಿ ಕಾಗದಪತ್ರ ಹೊಂದಿಸಿ ಹೈರಾಣಾದ ನಮ್ಮವರು ಆ ಹಳ್ಳಿಯನ್ನು ಒಮ್ಮೆ ನೋಡಿಬರಬಹುದು, ಬಸ್ಸೇನೋ ಉಚಿತ. ಸಮುದ್ರವಿಲ್ಲದ ಈ ದೇಶಕ್ಕೆ ಸಮುದ್ರದ ದಾರಿ ಸಿಕ್ಕಿದ್ದೂ ಈ ನದಿಯಿಂದಲೇ. 1964ರಲ್ಲಿ ಮೊಸೆಲ್ ಅನ್ನು ದೊಡ್ಡ ದೋಣಿಗಳು ಸಾಗುವಂತೆ ಕಾಲುವೆಗೊಳಿಸಿದ ಮೇಲೆ ಮೆರ್ಟರ್ಟ್ ಬಂದರಿನಿಂದ ಹೊರಟ ಸರಕು ರೈನ್ ನದಿಯ ಮೂಲಕ ಉತ್ತರ ಸಮುದ್ರ ಮುಟ್ಟುತ್ತದೆ. 1990ರಲ್ಲಿ ಕಾನೂನು ಮಾಡಿ ಹಡಗುಗಳ ನೋಂದಣಿಯನ್ನೂ ಶುರು ಮಾಡಿದ್ದರಿಂದ ಲಕ್ಸೆಂಬರ್ಗಿನ ಧ್ವಜ ಹೊತ್ತ ಸಮುದ್ರಯಾನದ ಹಡಗುಗಳೂ ಇವೆ.

ದಕ್ಷಿಣದ್ದು ಬೇರೆಯೇ ಲೋಕ. ಕಬ್ಬಿಣದ ಅದಿರು ಸಿಗುತ್ತಿದ್ದ ಮಿನೆಟ್ ಪ್ರದೇಶದ ಏಶ್-ಸುರ್-ಆಲ್ಜೆಟ್ ದೇಶದ ಎರಡನೇ ದೊಡ್ಡ ಊರು. ರೈಲುಗಳು ಹೆಚ್ಚು, ಕಾಯುವುದು ಕಡಿಮೆ. ಪಕ್ಕದ ಬೆಲ್ವಾಲ್‌ನಲ್ಲಿ ಊದುಕುಲುಮೆಗಳನ್ನು ಕೆಡವದೆ ಉಳಿಸಿಕೊಂಡು ಅವುಗಳ ಸುತ್ತಲೇ ವಿಶ್ವವಿದ್ಯಾಲಯದ ಆವರಣವನ್ನು ಕಟ್ಟಿದ್ದಾರೆ. ಉಕ್ಕಿನಿಂದ ಶುರುವಾದ ಈ ನಾಡಿನ ಸಂಪತ್ತು ಆಮೇಲೆ ಬ್ಯಾಂಕುಗಳಿಗೆ, ಹೂಡಿಕೆ ನಿಧಿಗಳಿಗೆ ಹೊರಳಿತು. ಆರ್ಸೆಲರ್ ಮಿತ್ತಲ್ ಕಂಪನಿಯ ಕೇಂದ್ರ ಕಚೇರಿ ಇಂದಿಗೂ ರಾಜಧಾನಿಯಲ್ಲೇ ಇದೆ.

ಇನ್ನು ಈ ಗಾಡಿಗಳಲ್ಲಿ ಕೂರುವವರ ಮಾತು. ದೇಶದ ಜನಸಂಖ್ಯೆ 2025ರ ಆರಂಭದಲ್ಲಿ ಸುಮಾರು 6.8 ಲಕ್ಷ. ಅದರಲ್ಲಿ ಹತ್ತಿರಹತ್ತಿರ ಅರ್ಧದಷ್ಟು, ಎಂದರೆ ಶೇಕಡಾ 47ರಷ್ಟು ಮಂದಿ ವಿದೇಶಿ ಪ್ರಜೆಗಳು. ರಾಜಧಾನಿಯಲ್ಲಂತೂ ಈ ಪ್ರಮಾಣ ಶೇಕಡಾ 70ರ ಆಸುಪಾಸಿನಲ್ಲಿದೆ. ವಿದೇಶಿಯರಲ್ಲಿ ಪೋರ್ಚುಗೀಸರದು ಅತಿ ದೊಡ್ಡ ಗುಂಪು. ಭಾರತೀಯರೂ ಕೆಲವು ಸಾವಿರ ಇದ್ದಾರೆ. ಟ್ರಾಮಿನ ಒಂದೇ ಬೋಗಿಯಲ್ಲಿ ಫ್ರೆಂಚ್, ಪೋರ್ಚುಗೀಸ್, ಇಂಗ್ಲಿಷ್, ಜರ್ಮನ್, ಲಕ್ಸೆಂಬರ್ಗಿಶ್ ಎಲ್ಲವೂ ಕಿವಿಗೆ ಬೀಳುತ್ತವೆ. ಕಾನೂನು ಬರೆಯುವುದು ಫ್ರೆಂಚಿನಲ್ಲಿ, ಸಂಸತ್ತಿನಲ್ಲಿ ಮಾತಾಡುವುದು ಹೆಚ್ಚಾಗಿ ಲಕ್ಸೆಂಬರ್ಗಿಶ್‌ನಲ್ಲಿ, ಮಕ್ಕಳು ಓದುಬರಹ ಕಲಿಯುತ್ತ ಬಂದದ್ದು ಜರ್ಮನ್‌ನಲ್ಲಿ. ಇಂಗ್ಲಿಷ್ ಒಂದನ್ನೇ ನೆಚ್ಚಿಕೊಂಡು ಹೋದವರಿಗೂ ಸಾರಿಗೆಯ ಮಟ್ಟಿಗೆ ತೊಂದರೆಯಾಗದು.

ಇಷ್ಟು ಜನರಲ್ಲದೆ ಪ್ರತಿದಿನ ಬೆಳಗ್ಗೆ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಗಡಿಯಾಚೆಯಿಂದ ಕೆಲಸಕ್ಕೆ ಬರುತ್ತಾರೆ. ದೇಶದ ಸಂಬಳದ ನೌಕರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇವರೇ. ಇವರಲ್ಲಿ ಅರ್ಧಕ್ಕೂ ಹೆಚ್ಚು ಜನ ಫ್ರಾನ್ಸಿನವರು. ಲಕ್ಸೆಂಬರ್ಗಿನಲ್ಲಿ ಮನೆ ಬಾಡಿಗೆ ಕೈಗೆಟುಕದಷ್ಟು ಏರಿರುವುದರಿಂದ ಲಕ್ಸೆಂಬರ್ಗಿಗರೇ ಹಲವರು ಗಡಿಯಾಚೆ ಮನೆ ಮಾಡಿಕೊಂಡಿದ್ದಾರೆ. ಉಚಿತ ಸೇವೆಯ ದೊಡ್ಡ ಕೊರತೆ ಇರುವುದು ಇಲ್ಲಿ. ಫ್ರಾನ್ಸಿನ ಟಿಯೊನ್‌ವಿಲ್‌ನಿಂದಲೋ ಬೆಲ್ಜಿಯಂನ ಆರ್ಲೊನಿಂದಲೋ ಜರ್ಮನಿಯ ಟ್ರಿಯರ್‌ನಿಂದಲೋ ರೈಲಿನಲ್ಲಿ ಬರುವವರು ಗಡಿಯವರೆಗಿನ ಭಾಗಕ್ಕೆ ಹಣ ತೆರಲೇಬೇಕು. ಹೀಗಾಗಿ ಸ್ವಂತ ಊರಿನಲ್ಲೇ ರೈಲು ಹತ್ತಬಹುದಾದವರಲ್ಲೂ ಕೆಲವರು ಗಡಿ ದಾಟುವವರೆಗೆ ಕಾರಿನಲ್ಲಿ ಬಂದು, ಲಕ್ಸೆಂಬರ್ಗಿನ ಮೊದಲ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಉಚಿತ ರೈಲು ಹಿಡಿಯುತ್ತಾರೆ. ಕಾರು ಕಡಿಮೆ ಮಾಡಲು ತಂದ ಯೋಜನೆ ಗಡಿಯಂಚಿನ ಪಾರ್ಕಿಂಗ್ ಜಾಗಕ್ಕೆ ಬೇಡಿಕೆ ಹೆಚ್ಚಿಸುವುದು ವಿಚಿತ್ರವಾದರೂ ನಿಜ. ಫ್ರಾನ್ಸಿನ ಬದಿಯ ರೈಲು ಮತ್ತು ಪಾರ್ಕಿಂಗ್ ಕಾಮಗಾರಿಗಳಿಗೂ ಲಕ್ಸೆಂಬರ್ಗ್ ಹಣ ಹಾಕುತ್ತಿರುವುದನ್ನೂ, ಬೆಟ್ಟೆಂಬೂರ್ಗ್ ಕಡೆಗೆ ಹೊಸ ಹಳಿ ಹಾಕಲು ಹೊರಟಿರುವುದನ್ನೂ ನೋಡಿದರೆ ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದೇನೂ ಅಲ್ಲ.

ಆ ಸರ್ಕಾರವನ್ನು ಆರಿಸುವವರು ಯಾರು ಎಂಬ ಪ್ರಶ್ನೆಯೂ ಇಲ್ಲಿ ಪ್ರಸ್ತುತವೇ. ಲಕ್ಸೆಂಬರ್ಗ್ ಜಗತ್ತಿನಲ್ಲಿ ಉಳಿದಿರುವ ಏಕೈಕ ಗ್ರ್ಯಾಂಡ್ ಡಚಿ, ಎಂದರೆ ಗ್ರ್ಯಾಂಡ್ ಡ್ಯೂಕ್ ಎಂಬ ಬಿರುದಿನ ಅರಸನಿರುವ ದೇಶ. ಗ್ರ್ಯಾಂಡ್ ಡ್ಯೂಕ್ ಆನ್ರಿ 2025ರ ಅಕ್ಟೋಬರ್ 3ರಂದು ಪಟ್ಟ ಬಿಟ್ಟುಕೊಟ್ಟ ನಂತರ ಅವರ ಮಗ ಗಿಯೋಮ್ ರಾಷ್ಟ್ರದ ಮುಖ್ಯಸ್ಥರಾಗಿದ್ದಾರೆ. ಆ ಪಟ್ಟಕ್ಕೆ ಈಗ ಅಧಿಕಾರಕ್ಕಿಂತ ಗೌರವವೇ ಹೆಚ್ಚು: 2008ರಲ್ಲಿ ದಯಾಮರಣದ ಕಾನೂನಿಗೆ ಒಪ್ಪಿಗೆ ಕೊಡಲಾರೆನೆಂದು ಆನ್ರಿ ಹೇಳಿದಾಗ, ಸಂವಿಧಾನವನ್ನೇ ತಿದ್ದಿ, ಕಾನೂನಿಗೆ ಅರಸನ ಒಪ್ಪಿಗೆ ಬೇಕೆಂಬ ನಿಯಮವನ್ನು ತೆಗೆದುಹಾಕಿದರು. ಆಡಳಿತ ನಡೆಸುವುದು ಪ್ರಧಾನಿ ಮತ್ತು ಮಂತ್ರಿಮಂಡಲ. ಅವರು ಉತ್ತರ ಕೊಡಬೇಕಾದದ್ದು 60 ಸದಸ್ಯರ ಏಕಸದನ ಸಂಸತ್ತಿಗೆ. ಐದು ವರ್ಷಕ್ಕೊಮ್ಮೆ ನಡೆಯುವ ಚುನಾವಣೆಗೆ ದೇಶವನ್ನು ನಾಲ್ಕು ಕ್ಷೇತ್ರಗಳಾಗಿ ವಿಂಗಡಿಸಿದ್ದು, ದಕ್ಷಿಣಕ್ಕೆ 23, ಮಧ್ಯಕ್ಕೆ 21, ಉತ್ತರಕ್ಕೆ 9, ಪೂರ್ವಕ್ಕೆ 7 ಸ್ಥಾನಗಳಿವೆ. ಮತದಾನ ಕಡ್ಡಾಯ. ಆದರೆ ಸಂಸತ್ ಚುನಾವಣೆಯ ಮತ ಪ್ರಜೆಗಳಿಗೆ ಮಾತ್ರ. ವಿದೇಶಿ ನಿವಾಸಿಗಳಿಗೂ ಮತ ಕೊಡಬೇಕೆ ಎಂದು 2015ರ ಜೂನ್‌ನಲ್ಲಿ ಜನಮತ ಕೇಳಿದಾಗ ಸುಮಾರು ಶೇಕಡಾ 78 ಮಂದಿ ಬೇಡವೆಂದರು. ಕಮ್ಯೂನ್‌ಗಳೆಂಬ ಸ್ಥಳೀಯ ಆಡಳಿತಗಳ ಚುನಾವಣೆಯಲ್ಲಿ ವಿದೇಶಿಯರು ಮತ ಹಾಕಬಹುದು. ಬೆಳಗಿನ ಟ್ರಾಮಿನಲ್ಲಿ ನಿಂತಿರುವವರಲ್ಲಿ ಬಹಳಷ್ಟು ಮಂದಿಗೆ ಆ ಟ್ರಾಮನ್ನು ಉಚಿತಗೊಳಿಸಿದ ಸರ್ಕಾರವನ್ನು ಆರಿಸುವ ಹಕ್ಕೂ ಇಲ್ಲ, ಇಳಿಸುವ ಹಕ್ಕೂ ಇಲ್ಲ.

ಉಚಿತ ಪ್ರಯಾಣದ ನಿರ್ಧಾರ ಕೈಗೊಂಡದ್ದು 2018ರ ಚುನಾವಣೆಯ ಬಳಿಕ ಝೇವಿಯರ್ ಬೆಟೆಲ್ ಅವರ ನೇತೃತ್ವದಲ್ಲಿ ಲಿಬರಲ್, ಸಮಾಜವಾದಿ ಹಾಗೂ ಹಸಿರು ಪಕ್ಷಗಳು ಕೂಡಿ ರಚಿಸಿದ ಸರ್ಕಾರ. ಸಾರಿಗೆ ಸಚಿವರಾಗಿದ್ದವರು ಹಸಿರು ಪಕ್ಷದ ಫ್ರಾನ್ಸ್ವಾ ಬೌಶ್. 2023ರಲ್ಲಿ ಸರ್ಕಾರ ಬದಲಾಗಿ ಲುಕ್ ಫ್ರೀಡನ್ ಪ್ರಧಾನಿಯಾದರೂ ಯೋಜನೆ ಮುಂದುವರಿದಿದೆ. ಹಣದ ಲೆಕ್ಕ ನೋಡಿದರೆ ಇದು ಅಷ್ಟು ದೊಡ್ಡ ಸಾಹಸವೂ ಆಗಿರಲಿಲ್ಲ. ಸಾರಿಗೆ ನಡೆಸಲು ವರ್ಷಕ್ಕೆ ಸುಮಾರು 50 ಕೋಟಿ ಯೂರೋ ಖರ್ಚಾಗುತ್ತಿದ್ದರೆ ಟಿಕೆಟ್‌ನಿಂದ ಬರುತ್ತಿದ್ದದ್ದು 4 ಕೋಟಿಯ ಆಸುಪಾಸು. ಎರಡು ಗಂಟೆಯ ಟಿಕೆಟ್ಟಿಗೆ ಆಗ ಕೇವಲ 2 ಯೂರೋ ಇತ್ತು. ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚನ್ನು ಅದಾಗಲೇ ಬೊಕ್ಕಸವೇ ಭರಿಸುತ್ತಿತ್ತು. ಉಳಿದಷ್ಟನ್ನೂ ಅದೇ ಹೊತ್ತುಕೊಂಡಿತು.

ಕರ್ನಾಟಕದ ಓದುಗರಿಗೆ ಇಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ನೆನಪಾಗದೆ ಇರದು. ಎರಡಕ್ಕೂ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು. ನಮ್ಮಲ್ಲಿ ಸೌಲಭ್ಯ ಮಹಿಳೆಯರಿಗೆ. ಅವರು ಗುರುತಿನ ಚೀಟಿ ತೋರಿಸಬೇಕು, ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಬೇಕು, ಆ ಟಿಕೆಟ್ಟುಗಳ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕು. ಟಿಕೆಟ್ ಹಣವನ್ನೇ ನೆಚ್ಚಿಕೊಂಡು ಬದುಕಿದ ನಿಗಮಗಳಿಗೆ ಆ ಮರುಪಾವತಿ ತಡವಾದರೆ ಕಷ್ಟ. ಲಕ್ಸೆಂಬರ್ಗಿನ ಸಂಸ್ಥೆಗಳಿಗೆ ಆ ಚಿಂತೆ ಮೊದಲೂ ಇರಲಿಲ್ಲ, ಈಗಲೂ ಇಲ್ಲ. ಹಾಗೆಂದು ಜನರ ಬದುಕನ್ನು ಬದಲಿಸುವ ಮಾತಿಗೆ ಬಂದರೆ ಶಕ್ತಿಯೇ ಮುಂದು ಎಂದು ನನಗನಿಸುತ್ತದೆ. ಬಸ್ ಚಾರ್ಜು ಉಳಿದದ್ದರಿಂದ ದೂರದ ಕೆಲಸಕ್ಕೆ ಹೋಗಲು ಸಾಧ್ಯವಾದ ಹೆಣ್ಣುಮಗಳಿಗೆ ಆ ದುಡ್ಡು ಎಷ್ಟು ದೊಡ್ಡದೋ, ಲಕ್ಸೆಂಬರ್ಗಿನ ಸಂಬಳದಾರರಿಗೆ ಎರಡು ಯೂರೋ ಅಷ್ಟು ದೊಡ್ಡದಲ್ಲ.

ಕಾರು ಬಿಡಿಸುವ ಕೆಲಸದಲ್ಲಿ ಈ ಸೇವೆ ಗೆದ್ದಿದೆ ಎನ್ನಲಾಗದು. ತಲಾ ಕಾರುಗಳ ಲೆಕ್ಕದಲ್ಲಿ ಐರೋಪ್ಯ ಒಕ್ಕೂಟದ ಮುಂಚೂಣಿಯಲ್ಲಿರುವ ದೇಶವಿದು. ಕಂಪನಿಗಳೇ ನೌಕರರಿಗೆ ಕಾರು ಕೊಡುವ ರೂಢಿ ಇದೆ, ಪೆಟ್ರೋಲು ನೆರೆದೇಶಗಳಿಗಿಂತ ಅಗ್ಗ. ಬೆಳಗಿನ ಹೊತ್ತು ಫ್ರಾನ್ಸಿನಿಂದ ಬರುವ ಹೆದ್ದಾರಿಯಲ್ಲಿ ಇಂದಿಗೂ ಸಾಲು ನಿಲ್ಲುತ್ತದೆ. ಹಳ್ಳಿಗಳ ಪರಿಸ್ಥಿತಿಯೂ ಅಷ್ಟಕ್ಕಷ್ಟೆ. ದೇಶದ ಅತಿ ಹಳೆಯ ಪಟ್ಟಣವಾದ, ಏಳನೇ ಶತಮಾನದ ಕೊನೆಯಲ್ಲಿ ಕ್ರೈಸ್ತ ಸಂತ ವಿಲಿಬ್ರೋರ್ಡ್ ಮಠ ಕಟ್ಟಿದ ಎಕ್ಟರ್ನಾಖ್‌ಗೆ ಈಗ ರೈಲೇ ಇಲ್ಲ. ಒಂದು ಕಾಲದಲ್ಲಿದ್ದ ಹಳಿಯನ್ನು ಕಳೆದ ಶತಮಾನದಲ್ಲೇ ಮುಚ್ಚಿದರು. ಬಸ್ಸುಗಳೇನೋ ಶುಭ್ರವಾಗಿವೆ, ಸಮಯಕ್ಕೆ ಬರುತ್ತವೆ. ಆದರೆ ಭಾನುವಾರದ ಸಂಜೆ ಮುಲ್ಲರ್‌ಥಾಲ್‌ನ ಬಂಡೆಗಳ ನಡುವೆ ನಡೆದು ದಣಿದು ರಸ್ತೆಗೆ ಬಂದಾಗ ಒಂದು ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಹಳಿ ಕಾಮಗಾರಿಗಾಗಿ ಕೆಲವು ಮಾರ್ಗಗಳನ್ನು ವಾರಗಟ್ಟಲೆ ಮುಚ್ಚಿ ಬದಲಿ ಬಸ್ ಓಡಿಸುತ್ತಾರೆ. ಆಗ ಉತ್ತರದ ಪ್ರಯಾಣ ಗಣನೀಯವಾಗಿ ಉದ್ದವಾಗುತ್ತದೆ.

ಹೋಗುವವರಿಗೆ ಕೆಲವು ಸೂಚನೆಗಳು. ಹೊರಡುವ ಮುಂಚೆ ಸರ್ಕಾರದ ಮೊಬಿಲಿಟೇಟ್ ಆ್ಯಪ್ ಇಳಿಸಿಕೊಳ್ಳಿ. ಬಸ್ಸು, ರೈಲು, ಟ್ರಾಮ್ ಎಲ್ಲದರ ವೇಳೆಯೂ ಅದರಲ್ಲಿ ಒಟ್ಟಿಗೆ ಸಿಗುತ್ತದೆ. ರೈಲು ಹತ್ತುವಾಗ ಬೋಗಿಯ ಮೇಲಿನ ಅಂಕಿ ಗಮನಿಸಿ: 1 ಎಂದಿದ್ದರೆ ಅದು ಮೊದಲ ದರ್ಜೆ, ಅಲ್ಲಿ ಟಿಕೆಟ್ ಬೇಕು, ಇಲ್ಲದೆ ಕೂತರೆ ದಂಡ ಬೀಳುತ್ತದೆ. ರಾಜಧಾನಿಯ ಹೋಟೆಲುಗಳು ದುಬಾರಿ. ಪ್ರಯಾಣಕ್ಕೆ ಖರ್ಚಿಲ್ಲದ ಕಾರಣ ಎಟ್ಟೆಲ್‌ಬ್ರುಕ್ ಅಥವಾ ಏಶ್‌ನಲ್ಲಿ ತಂಗಿ ದಿನವೂ ಬಂದುಹೋಗುವುದು ಜಾಣತನ. ಜರ್ಮನಿಯ ಟ್ರಿಯರ್ ನಗರವನ್ನೂ ಅದರ ರೋಮನ್ ಕಾಲದ ಹೆಬ್ಬಾಗಿಲನ್ನೂ ನೋಡಬೇಕೆಂದರೆ ಅದೇ ರೈಲಿನಲ್ಲಿ ಕೂತು ಹೋಗಬಹುದು, ಆದರೆ ವಾಸರ್‌ಬಿಲಿಗ್ ದಾಟಿದ ಮೇಲಿನ ತುಂಡು ದಾರಿಗೆ ಟಿಕೆಟ್ಟನ್ನು ಹೊರಡುವ ಮೊದಲೇ ಕೊಂಡಿಟ್ಟುಕೊಳ್ಳಿ.